ಅಮೆರಿಕದ ಶಾಲೆಗಳಲ್ಲಿ ವರ್ಣಭೇದದ ಪಾಠಕ್ಕೆ ಯಾಕಿಷ್ಟು ಗಲಾಟೆ?

ಗಲಾಟೆಯ ಮಧ್ಯೆ ಕೇಳಿಬರುವ ಹೆಸರು ‘ಕ್ರಿಟಿಕಲ್ ರೇಸ್ ಥಿಯರಿ’. ವರ್ಣಭೇದ ಬರೀ ಮನಸ್ಸಿನಲ್ಲಿಲ್ಲ, ಕಾನೂನಿನಲ್ಲೂ ವ್ಯವಸ್ಥೆಯಲ್ಲೂ ಬೇರೂರಿದೆ ಅನ್ನುತ್ತದೆ ಅದು. ಡೆರಿಕ್ ಬೆಲ್ ಅವರಂಥ ಕಾನೂನು ಪ್ರಾಧ್ಯಾಪಕರು ಬೆಳೆಸಿದ ವಿಚಾರ, ಶಾಲಾ ಮಕ್ಕಳ ಪಾಠವಲ್ಲ.

2020ರಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾದ ಮೇಲೆ ಶಾಲೆಗಳಲ್ಲೂ ವರ್ಣಭೇದದ ಚರ್ಚೆ ಜಾಸ್ತಿಯಾಯಿತು. ರಿಪಬ್ಲಿಕನ್ ನಾಯಕರು ಅದಕ್ಕೆಲ್ಲ ಇದೇ ಹೆಸರಿಟ್ಟು ವಿರೋಧಿಸಿದರು. ಬಿಳಿಯ ಮಕ್ಕಳಲ್ಲಿ ಅಪರಾಧಿ ಭಾವ ತುಂಬುತ್ತಾರೆ ಎಂಬ ಆತಂಕ ಹಲವು ಪೋಷಕರಿಗೂ ಇತ್ತು.

ಒಕ್ಲಹೋಮ ರಾಜ್ಯವನ್ನೇ ನೋಡಿ. ಬಣ್ಣದ ಕಾರಣಕ್ಕೆ ಯಾರಾದರೂ ಸಂಕಟಪಡಬೇಕು ಎಂದು ಕಲಿಸಬಾರದೆಂಬ ಕಾನೂನು ಅಲ್ಲಿ ಬಂದಿದ್ದು 2021ರ ಮೇ ತಿಂಗಳಲ್ಲಿ. ಅದೇ ತಿಂಗಳ ಕೊನೆಗೆ ಆ ರಾಜ್ಯದ್ದೇ ಟಲ್ಸಾ ನಗರದ ಹತ್ಯಾಕಾಂಡಕ್ಕೆ 100 ವರ್ಷ ತುಂಬಿತು! 1921ರಲ್ಲಿ ಬಿಳಿಯರ ಗುಂಪು ಕಪ್ಪು ಜನರ ಗ್ರೀನ್‌ವುಡ್ ಬಡಾವಣೆಗೆ ನುಗ್ಗಿತು. ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಎಷ್ಟೋ ದಶಕ ಅಲ್ಲಿನ ಶಾಲೆಗಳಲ್ಲೇ ಇದರ ಮಾತಿರಲಿಲ್ಲ. ಈಗ ಪಠ್ಯದಲ್ಲಿದೆ, ಹೊಸ ಕಾನೂನು ಅದನ್ನು ನೇರವಾಗಿ ತಡೆಯುವುದೂ ಇಲ್ಲ. ಆದರೆ ಈ ಕಥೆ ಕೇಳಿದರೆ ಯಾವ ಮಗುವಿಗೂ ಸಂಕಟ ಆಗುತ್ತದೆ, ಅಲ್ವಾ? ಯಾರಾದರೂ ದೂರು ಕೊಟ್ಟರೆ ಕೆಲಸಕ್ಕೇ ಕುತ್ತು ಎಂದು ಶಿಕ್ಷಕರು ಹೆದರುತ್ತಾರೆ. ನಿಷೇಧಕ್ಕಿಂತ ಈ ಹೆದರಿಕೆಯೇ ನನ್ನನ್ನು ಹೆಚ್ಚು ಕಾಡುವುದು.