ಅಟ್ಟದಲ್ಲಿ ಅಜ್ಜನ ಮರ್ಫಿ ರೇಡಿಯೋ ಸಿಕ್ಕಿದೆ, ಲಕ್ಷ ರೂಪಾಯಿಗೆ ಹೋಗುತ್ತಾ? ಹಾಡುವ ವಿಡಿಯೋ ಕಳಿಸಿ ಅಂತ ಒಬ್ಬರು ಕೇಳುತ್ತಿದ್ದಾರೆ. ರಿಪೇರಿ ಮಾಡಿಸಿ ಮಾರಲಾ?

ಮೊದಲು ಒಂದು ಮಾತು. ಅದನ್ನು ಪ್ಲಗ್ಗಿಗೆ ಹಾಕಿಲ್ಲ ತಾನೇ? ಹಾಕಿಲ್ಲ ಅಂದರೆ ಹಾಕಲೇಬೇಡಿ. ರೇಟಿನ ಮಾತು ಆಮೇಲೆ.

"ಹಾಡುವ ವಿಡಿಯೋ ಕಳಿಸಿ ಅಂತ ಒಬ್ಬರು ಕೇಳುತ್ತಿದ್ದಾರೆ" ಅಂತ ಬರೆದಿದ್ದೀರಲ್ಲ, ನನಗೂ ಹಾಗೇ ಕೇಳಿದ್ದರು. ನಮ್ಮದು ಹಳೇ ದಾವಣಗೆರೆ. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದಾಗ ಕಂತಿನಲ್ಲಿ ಕೊಂಡಿದ್ದ ವಾಲ್ವ್ (ಟ್ರಾನ್ಸಿಸ್ಟರಿಗೂ ಮೊದಲಿನ ಗಾಜಿನ ಕೊಳವೆ) ಸೆಟ್ಟು ಬೀರುವಿನ ಮೇಲೆ ಬಿದ್ದಿತ್ತು. "ಅದರೊಳಗೆ ಜಿರಳೆ ಸಂಸಾರ ಮಾಡ್ಕಂಡಾವೆ, ಎತ್ತಿ ಆಚೆ ಹಾಕೋ" ಅಂತ ಅಮ್ಮನ ಗಲಾಟೆ. ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕಿದೆ. ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ವಿಷಯ ಗೊತ್ತಿದ್ದವರು. ಗುಂಡಿ ನಾಲ್ಕೂ ಇವೆಯಾ, ಡಯಲ್ ಗಾಜು ಸೀಳಿದೆಯಾ, ಸ್ಟೇಷನ್ ಸರಿಯಾಗಿ ಸಿಕ್ಕಿದೆಯಾ ಅಂತ ತೋರಿಸುವ ಹಸಿರು ದೀಪ, ಮ್ಯಾಜಿಕ್ ಐ, ಹತ್ತುತ್ತಾ ಅಂತೆಲ್ಲಾ ವಿಚಾರಿಸಿದರು. "ಹಾಡಿದರೆ 12,000 ಕೊಡ್ತೀನಿ, ಹಾಡದಿದ್ದರೆ ನೋಡಿ ಹೇಳ್ತೀನಿ" ಅಂದರು.

ನಾನು ಧೂಳು ಒರೆಸಿ ಸೀದಾ ಪ್ಲಗ್ಗಿಗೆ ಹಾಕಿದೆ.

ಡಯಲ್ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಮ್ಯಾಜಿಕ್ ಐನ ಹಸಿರು ಪಟ್ಟಿ ಮೂಡಿತು. ನಾನು ಖುಷಿಯಲ್ಲಿ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದೇನೆ. ಗುಂಯ್ ಅಂತ ಶಬ್ದ ಬರುತ್ತಿತ್ತು. ಮುಳ್ಳನ್ನು ಭದ್ರಾವತಿ ಕಡೆ ತಿರುಗಿಸಿದೆ, ಗುಂಯ್ ನಡುವೆ ಯಾರೋ ಮಾತಾಡಿದ ಹಾಗಾಯಿತು. ಅಷ್ಟರಲ್ಲಿ ಕಾದ ಡಾಂಬರಿನ ವಾಸನೆ. ಹಿಂದಿನ ರಟ್ಟಿನ ತೂತುಗಳಿಂದ ಹೊಗೆ. ಪ್ಲಗ್ ಕಿತ್ತೆ, ಆದರೆ ಟ್ರಾನ್ಸ್‌ಫಾರ್ಮರ್ ಆಗಲೇ ಸುಟ್ಟಿತ್ತು.

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೂ ಓದಿ. ಇಂಥ ಸೆಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಮನೆ ಕರೆಂಟನ್ನು ಇನ್ನೂ ಏರಿಸುತ್ತದೆ. ಅದನ್ನು ಇಝಡ್ 80 ಥರದ ಒಂದು ವಾಲ್ವ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಮಾಡುತ್ತದೆ. ಆ ಡಿಸಿಯನ್ನು ನಯ ಮಾಡುವುದು ಅಲ್ಯೂಮಿನಿಯಂ ಡಬ್ಬಿಯಂಥ ಕೆಪಾಸಿಟರ್. ಅದರೊಳಗಿನ ಹಾಳೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಇರುತ್ತದೆ. ಕರೆಂಟು ನುಗ್ಗದಂತೆ ತಡೆಯುವುದು ಅದೇ. ಸೆಟ್ಟು ಆಗಾಗ ಓಡುತ್ತಿದ್ದರೆ ಪದರ ಗಟ್ಟಿಯಾಗಿರುತ್ತದೆ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಪದರ ಹಾಳಾಗುತ್ತದೆ, ಒಳಗಿನ ಪಸೆ ಒಣಗುತ್ತದೆ. ಅಂಥದ್ದಕ್ಕೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದು ಹೆಚ್ಚುಕಮ್ಮಿ ಶಾರ್ಟ್ ಇದ್ದಂತೆಯೇ. ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುವಷ್ಟು ತಡೆದು ಕೊನೆಗೆ ಬೇಯುತ್ತದೆ. ಮೇಣ ಹಚ್ಚಿದ ಪೇಪರ್ ಕೆಪಾಸಿಟರ್‌ಗಳ ಕಥೆಯೂ ಅಷ್ಟೇ. ಅವು ಸೋರಿದರೆ ಸ್ಪೀಕರನ್ನು ಹಾಡಿಸುವ ಇಎಲ್ 84ರಂಥ ಔಟ್‌ಪುಟ್ ವಾಲ್ವೇ ಕಾದು ಕೆಂಪಗಾಗುತ್ತದೆ. ಫ್ಯೂಸ್ ಇರಲಿಲ್ವಾ ಅನ್ನುತ್ತೀರಿ. ಇತ್ತು. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಅದಕ್ಕೆ ದಪ್ಪ ತಂತಿ ಸುತ್ತಿದ್ದರು.

ಮಾಡಬೇಕಿದ್ದದ್ದು ತೀರಾ ಸಣ್ಣ ಕೆಲಸ. ಸೀರೀಸ್ ಬಲ್ಬ್. ಪ್ಲಗ್ಗಿಗೂ ಸೆಟ್ಟಿಗೂ ನಡುವೆ 40 ಅಥವಾ 60 ವ್ಯಾಟಿನ ಬಲ್ಬ್ ಬರುವಂತೆ ಜೋಡಿಸುವುದು. ಎಲ್‌ಇಡಿ ನಡೆಯುವುದಿಲ್ಲ, ತಂತಿ ಉರಿಯುವ ಹಳದಿ ಬಲ್ಬೇ ಬೇಕು. ಮೊದಲು ಜೋರಾಗಿ ಹತ್ತಿ ಆಮೇಲೆ ಮಂಕಾದರೆ ಪರವಾಗಿಲ್ಲ. ಜೋರಾಗಿಯೇ ಉಳಿದರೆ ಒಳಗೆ ಶಾರ್ಟ್ ಇದೆ, ಕೂಡಲೇ ಕೀಳಬೇಕು. ಇದು ನನಗೆ ಗೊತ್ತಾಗಿದ್ದು ಸುಟ್ಟ ಮೇಲೆ, ಹಳೇ ರೇಡಿಯೋ ಮೆಕ್ಯಾನಿಕ್ ಒಬ್ಬರಿಂದ. ಅವರು ನನಗೆ ಬೈದ ರೀತಿ ಇಲ್ಲಿ ಬರೆಯುವಂಥದ್ದಲ್ಲ.

ಆ ಟ್ರಾನ್ಸ್‌ಫಾರ್ಮರನ್ನು ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿಗೂ ಹೊತ್ತೊಯ್ದೆ. ಆ ಹುಡುಗ ಬಿಚ್ಚಿ ನೋಡಿ "ಇದೇನ್ ಸಾರ್, ತಲೆಕೂದಲ ಥರ ಐತೆ ವೈರು, ನಮ್ಮ ಕೈಲಾಗಲ್ಲ" ಅಂತ ವಾಪಸ್ ಕೊಟ್ಟ. ಬೆಂಗಳೂರಿನವರು ಚಿತ್ರದುರ್ಗಕ್ಕೆ ಬೇರೆ ಸೆಟ್ಟು ನೋಡಲು ಬಂದವರು ಇಲ್ಲಿಗೂ ಬಂದರು. ಮೂಸಿ ನೋಡಿದರು. ವಾಲ್ವು, ಗುಂಡಿ, ಪೆಟ್ಟಿಗೆ ಎಲ್ಲಾ ಸೇರಿ 1,800 ಕೊಟ್ಟು ಕಾರಿಗೆ ಹಾಕಿಕೊಂಡರು.

ಇನ್ನು ನಿಮ್ಮ ಲಕ್ಷ ರೂಪಾಯಿ. ಅದನ್ನು ತಲೆಯಿಂದ ತೆಗೆಯಿರಿ. ಆನ್‌ಲೈನಿನಲ್ಲಿ ಕಾಣುವುದು ಕೇಳುವ ರೇಟು, ಕೈಗೆ ಬಂದ ದುಡ್ಡಲ್ಲ. ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳು ಊರೂರಿಗೆ ಹೋಗಿದ್ದವು, ಈಗಲೂ ಬೇಕಾದಷ್ಟು ಸಿಗುತ್ತವೆ. ಬರೀ ವಯಸ್ಸಿಗೆ ಯಾರೂ ದುಡ್ಡು ಕೊಡುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ 2007ರ ಒಂದು ಐಫೋನ್ 1,90,372 ಡಾಲರಿಗೆ ಹರಾಜಾಯಿತು, ನಿಜ. ಆದರೆ ಅದು ಬಂದ ಕೆಲವೇ ತಿಂಗಳಲ್ಲಿ ನಿಂತುಹೋದ 4 ಜಿಬಿ ಮಾಡೆಲ್, ಡಬ್ಬಿಯ ಸೀಲೇ ಒಡೆದಿರಲಿಲ್ಲ. ನಿಮ್ಮ ಅಜ್ಜ ರೇಡಿಯೋ ಕೊಂಡು ಕೇಳಿದ್ದಾರೆ, ಅಲ್ವಾ?

ಯಾರಾದರೂ "ಒಳಗೆ ರೆಡ್ ಮರ್ಕ್ಯುರಿ ಅನ್ನೋ ಭಾರೀ ಬೆಲೆಯ ವಸ್ತು ಇದೆ, ಕೋಟಿ ಬರುತ್ತೆ" ಅಂದರೆ ಫೋನ್ ಇಟ್ಟುಬಿಡಿ. ಶುದ್ಧ ಟೋಪಿ. 2009ರಲ್ಲಿ ಸೌದಿಯಲ್ಲಿ ಇದೇ ಸುದ್ದಿ ನಂಬಿ ಜನ ಹಳೇ ಸಿಂಗರ್ ಹೊಲಿಗೆ ಮಷೀನಿಗೆ ಮುಗಿಬಿದ್ದಿದ್ದರು.

ರಿಪೇರಿ ಮಾಡಿಸಿ ಮಾರಬೇಡಿ, ಲೆಕ್ಕ ಗಿಟ್ಟುವುದಿಲ್ಲ. ಪಾಲಿಶ್ ಹೊಡೆಸಬೇಡಿ, ಸ್ಪೀಕರಿನ ಬಟ್ಟೆ ಬದಲಿಸಬೇಡಿ. ಇಷ್ಟಪಟ್ಟು ಕೊಳ್ಳುವವರಿಗೆ ಹಳೇ ಬಣ್ಣವೇ ಬೇಕು, ಕೊಳೆ ಅವರೇ ತೊಳೆದುಕೊಳ್ಳುತ್ತಾರೆ. ಮನೆಯಲ್ಲಿ ಪೋಸ್ಟ್ ಆಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕ ಇದೆಯಾ ಹುಡುಕಿ. ಆಗ ರೇಡಿಯೋ ಕೇಳಲೂ ಲೈಸೆನ್ಸ್ ಬೇಕಿತ್ತು, ಸೆಟ್ಟಿನ ಜೊತೆ ಅದಿದ್ದರೆ ಕೊಳ್ಳುವವರ ಮುಖ ಅರಳುತ್ತದೆ. ಬಿಡಿ ವಾಲ್ವ್ ಇದ್ದರೆ ಎಸೆಯಬೇಡಿ. ಬೆಂಗಳೂರಿನ ಬಿಇಎಲ್ ಮಾಡಿದ ಇಎಲ್ 84, ಇಸಿಸಿ 83 ಬಳಸದೆ ಡಬ್ಬಿಯಲ್ಲೇ ಉಳಿದಿದ್ದರೆ ಗಿಟಾರ್ ಆಂಪ್ಲಿಫಯರ್ ಇಟ್ಟವರು ಕೊಳ್ಳುತ್ತಾರೆ.

ಹಿಂದಿನ ರಟ್ಟು ಬಿಚ್ಚಿ, ಟಾರ್ಚ್ ಬಿಟ್ಟು ಒಳಗಿನ ಫೋಟೋ ತೆಗೆಯಿರಿ. ವಾಲ್ವಿನ ನಂಬರುಗಳು ಇಂಗ್ಲಿಷಿನ 'ಯು' ಅಕ್ಷರದಿಂದ ಶುರುವಾಗಿದ್ದರೆ ಅದರಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಪ್ಲಗ್ ಹಾಕಿದಾಗ ಒಳಗಿನ ತಗಡಿಗೇ ಮೇನ್ಸ್ ಕರೆಂಟು ಬರಬಹುದು. ಅಂಥದ್ದಾಗಿದ್ದರೆ ಸೀರೀಸ್ ಬಲ್ಬಿನ ಪ್ರಯೋಗವನ್ನೂ ನೀವು ಮಾಡಬೇಡಿ, ಗೊತ್ತಿದ್ದವರಿಗೇ ಬಿಡಿ.