ಕುಡಿಯದವರಿಗೂ ಬರುವ ಲಿವರ್ ಕೊಬ್ಬು

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆಯ ಲಾಕ್‌ಡೌನ್. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಫೋನಿನಲ್ಲಿ ಸಲಹೆ ಕೇಳಿದರು. ವಯಸ್ಸು ನಲವತ್ತರ ಆಸುಪಾಸು, ವರ್ಷದಿಂದ ಮನೆಯಲ್ಲೇ ಕೆಲಸ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂದು ಬಂದಿತ್ತು, ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರಿದೆ, ಇನ್ನೂ ಮೊದಲ ಹಂತ. ತೂಕ ಇಳಿಸಿ, ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದ್ದರು. ಆದರೆ ಅವರನ್ನು ಕೊರೆಯುತ್ತಿದ್ದ ಚಿಂತೆ ಬೇರೆಯೇ ಇತ್ತು. “ಮೇಡಂ, ನಾನು ಒಂದು ತೊಟ್ಟೂ ಕುಡಿದವನಲ್ಲ. ರಿಪೋರ್ಟ್ ಬಂದಾಗಿನಿಂದ ಅಮ್ಮ ನನ್ನ ಕಪಾಟು ತಡಕಾಡುತ್ತಿದ್ದಾರೆ. ನಾನು ರೂಮಿನ ಬಾಗಿಲು ಹಾಕಿಕೊಂಡು ಮೀಟಿಂಗ್‌ನಲ್ಲಿ ಕೂತರೂ ಅವರಿಗೆ ಅನುಮಾನ.”

ಅವಮಾನಕ್ಕೆ ಅವರು ಊಟದ ಮನೆಗೂ ಬರುತ್ತಿರಲಿಲ್ಲ. ತಟ್ಟೆ ರೂಮಿಗೇ ಹೋಗುತ್ತಿತ್ತು. ದಿನಕ್ಕೆ ನಡೆಯುತ್ತಿದ್ದ ನಾಲ್ಕು ಹೆಜ್ಜೆಯೂ ನಿಂತಿತ್ತು.

ಹಾಗಾಗಿ ಮೊದಲು ತಾಯಿಯೊಂದಿಗೆ ಮಾತನಾಡಿದೆ. “ಲಿವರ್ ಕೆಡುವುದು ಕುಡುಕರಿಗಲ್ಲವೇನಮ್ಮ?” ಎಂದರು. ಅವರನ್ನು ದೂರಲಾರೆ, ನಮ್ಮಲ್ಲಿ ಬಹಳ ಜನ ಹಾಗೆಯೇ ತಿಳಿದಿದ್ದಾರೆ. ದಿನವಿಡೀ ಕೂತಾಗ ಸ್ನಾಯುಗಳು ಸಕ್ಕರೆಯನ್ನು ಬಳಸುವುದು ಕಡಿಮೆಯಾಗುತ್ತದೆ, ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ, ಮಿಕ್ಕದ್ದನ್ನು ಲಿವರ್ ಕೊಬ್ಬಾಗಿಸಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ ಎಂದು ವಿವರಿಸಿದೆ. ನೋಡುವುದಕ್ಕೆ ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಲ್ಲೂ ಇದು ಕಾಣುತ್ತದೆ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಕೊಡುತ್ತಿದ್ದದ್ದು?” ಎಂದು ಕೇಳಿದರು. ರೋಗನಿರೋಧಕ ಶಕ್ತಿಗೆಂದು ಬೆಳಿಗ್ಗೆ ಸಕ್ಕರೆ ಹಾಕಿದ ಮೂಸಂಬಿ ರಸ, ಸಂಜೆ ಬೆಲ್ಲದ ಕಷಾಯ, ಅದರಲ್ಲಿ ಅಮೃತಬಳ್ಳಿ! ರಸ ಬಿಟ್ಟು ಹಣ್ಣನ್ನೇ ಕೊಡಿ ಎಂದೆ. ಅಮೃತಬಳ್ಳಿಯನ್ನು ವೈದ್ಯರನ್ನು ಕೇಳುವವರೆಗೆ ನಿಲ್ಲಿಸಲು ಹೇಳಿದೆ. ಅದನ್ನು ಸೇವಿಸಿದ ಕೆಲವರಲ್ಲಿ ಲಿವರ್ ತೊಂದರೆ ಕಂಡಿದೆ ಎಂದು ಮುಂಬೈನ ವೈದ್ಯರು ಆ ವರ್ಷವೇ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೆ ಈಗಾಗಲೇ ಲಿವರ್ ರಿಪೋರ್ಟ್ ಕೈಯಲ್ಲಿರುವವರು ಎಚ್ಚರವಾಗಿರುವುದೇ ಸರಿ ಎಂಬುದು ನನ್ನ ನಿಲುವು.

ಮಗನಿಗೆ ಹೇಳಿದ್ದು: ಪಾರ್ಕ್ ಮುಚ್ಚಿದೆ, ಜಿಮ್ ಇಲ್ಲ ಎಂದು ಕಾಯಬೇಡಿ. ತಾರಸಿ ಇದೆ, ಮೆಟ್ಟಿಲಿದೆ, ದಿನಸಿ ತರಲು ಬೆಳಿಗ್ಗೆ ಅಂಗಡಿಗೆ ನಡೆದು ಹೋಗಬಹುದು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಗುರಿ. ಒಂದೇ ಸಲ ಆಗದಿದ್ದರೆ ಊಟವಾದ ಮೇಲೆ ಹತ್ತು ಹತ್ತು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಕ್ಯಾಮೆರಾ ಬೇಡದ ಮೀಟಿಂಗ್‌ಗಳನ್ನು ನಿಂತು ಕೇಳಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡಿ, ತೊಡೆಯ ದೊಡ್ಡ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಊಟ ಎಲ್ಲರ ಜೊತೆ, ರೂಮಿನಲ್ಲಲ್ಲ.

ತೂಕದ ಯಂತ್ರವನ್ನು ದಿನವೂ ಹತ್ತಬೇಡಿ ಎಂದು ಒತ್ತಿ ಹೇಳಿದೆ. ತೂಕದ ಶೇಕಡ 7ರಿಂದ 10ರಷ್ಟು ಇಳಿದರೆ ಲಿವರ್‌ನ ಉರಿಯೂತವೂ ತಗ್ಗಬಹುದು, ಆದರೆ ಅದಕ್ಕೆ ತಿಂಗಳುಗಳು ಬೇಕು. ತೂಕ ಅಲುಗದಿದ್ದರೂ ನಡಿಗೆಯಿಂದ ಲಿವರ್‌ನ ಕೊಬ್ಬು ಕರಗುತ್ತದೆ. ಇದನ್ನು ಕೇಳಿ ಅವರ ದನಿ ಹಗುರಾಯಿತು. ಉಪವಾಸ ಬಿದ್ದು ಸರಸರನೆ ಇಳಿಸುವುದು ಲಿವರ್‌ಗೇ ಅಪಾಯ.

ಸಂಜೆ ತಾರಸಿಗೆ ತಾಯಿಯನ್ನೂ ಕರೆದುಕೊಂಡು ಹೋಗಲು ಒಪ್ಪಿದರು. ವೈದ್ಯರು ಹೇಳಿದಾಗ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮತ್ತೆ ಮಾಡಿಸಬೇಕು. ನಡುವೆ ಕಣ್ಣು ಹಳದಿಯಾದರೆ, ಹೊಟ್ಟೆ ಅಥವಾ ಕಾಲು ಊದಿದರೆ ಲಾಕ್‌ಡೌನ್ ಎಂದು ನೋಡದೆ ಆಸ್ಪತ್ರೆಗೆ ಹೋಗಬೇಕು ಎಂದು ಇಬ್ಬರಿಗೂ ತಿಳಿಸಿದೆ.