ಮಳೆಗಾಲದಲ್ಲಿ ಪಿಎಚ್ ಪ್ರೋಬ್ ನಂಬಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಒಂದು ಜೊತೆ ಕ್ಲೌನ್ ಮೀನು, ಎರಡು ಕ್ಲೀನರ್ ಸೀಗಡಿ. ಎರಡು ವರ್ಷದ ಹಿಂದೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಮಟ್ಟ), ಉಪ್ಪಿನಂಶ ಎರಡನ್ನೂ ತೋರಿಸುವ ಮೀಟರ್ ಹಾಕಿಸಿದೆ. ಬೇಸಿಗೆಯಲ್ಲಿ 8.2 ಇದ್ದ ಪಿಎಚ್ ಈಗ 7.6ಕ್ಕೆ ಇಳಿದಿದೆ. ಪಿಎಚ್ ಏರಿಸುವ ಪುಡಿ ಎರಡು ಸಲ ಹಾಕಿದೆ, ಅಂಕಿ ಅಷ್ಟಾಗಿ ಅಲ್ಲಾಡಲಿಲ್ಲ. ಮೀನುಗಳು ಚೆನ್ನಾಗಿಯೇ ತಿನ್ನುತ್ತಿವೆ. ಮೂರನೇ ಸಲ ಹಾಕಲಾ?
– ಓದುಗರು, ಮಲ್ಪೆ

ಉತ್ತರ: ದಯವಿಟ್ಟು ಹಾಕಬೇಡಿ. ಪುಡಿಯ ಡಬ್ಬಿ ಮುಚ್ಚಿ ಅಟ್ಟದ ಮೇಲಿಡಿ. ಮೊದಲು ಪ್ರೋಬ್, ಅಂದರೆ ನೀರಿನಲ್ಲಿ ಮುಳುಗಿರುವ ಮೀಟರಿನ ಕಡ್ಡಿ, ನೋಡೋಣ. ನೀರು ಆಮೇಲೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ವರ್ಷಗಟ್ಟಲೆ ಪಿಎಚ್ ಮೀಟರ್ ಹಿಡಿದವಳು. ಆದರೂ ಮಂಗಳೂರಿನ ನಮ್ಮ ಮನೆಯ ಟ್ಯಾಂಕಿನಲ್ಲಿ ಒಂದು ಮಳೆಗಾಲದ ಆಟಿ ತಿಂಗಳು ಇದೇ ಕೆಲಸ ಮಾಡಿದೆ. ಮೀಟರ್ 7.5 ತೋರಿಸಿತು. ಸೋಡಾ ಪುಡಿ ಕರಗಿಸಿ ಹಾಕುತ್ತಾ ಹೋದೆ. ಮರುದಿನ ಬೆಳಿಗ್ಗೆ ಎರಡೂ ಸೀಗಡಿ ಬಿಳಿಚಿಕೊಂಡು ತಳದಲ್ಲಿ ಬಿದ್ದಿದ್ದವು. ನೀರನ್ನು ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೆ ಒಯ್ದು ನೋಡಿದರೆ 8.8! ಆ ಬೇಸರ ಇವತ್ತಿಗೂ ಹೋಗಿಲ್ಲ.

ಆ ಸಂಜೆ ಪ್ರೋಬಿನ ವಯರ್ ಮೀಟರಿಗೆ ಸೇರುವ ಕಡೆ ಬಿಚ್ಚಿದೆ. ತಿರುಗಿಸಿ ಕೂರಿಸುವ ಸಣ್ಣ ಬಿಎನ್‌ಸಿ ಪ್ಲಗ್ ಅದು. ಒಳಗಿನ ಪಿನ್ನಿನ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಬೆರಳಿಟ್ಟರೆ ಅಂಟು ಅಂಟು ತೇವ. ಪ್ರೋಬಿನ ತುದಿಯ ಗಾಜಿನ ಗುಂಡು ಕೊಡುವ ಸಿಗ್ನಲ್ ತುಂಬಾ ದುರ್ಬಲ. ಪಿಎಚ್ 7ರಿಂದ 8ಕ್ಕೆ ಹೋದರೆ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ, ಅಷ್ಟೇ. ಅದೂ ನೂರಾರು ಮೆಗಾಓಮ್ ರೆಸಿಸ್ಟೆನ್ಸ್ ಇರುವ ಗಾಜನ್ನು ದಾಟಿ ಬರಬೇಕು. ಪ್ಲಗ್ಗಿನಲ್ಲಿ ಉಪ್ಪಿನ ತೇವ ಕೂತರೆ ಆ ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ. ಮೀಟರಿಗೆ ಸೊನ್ನೆ ಮಿಲಿವೋಲ್ಟ್ ಅಂದರೆ ಪಿಎಚ್ 7. ಹಾಗಾಗಿ ಅಂಕಿ ನಿಧಾನಕ್ಕೆ 7ರ ಕಡೆ ಜಾರುತ್ತದೆ. ಬೇಸಿಗೆಯಲ್ಲಿ ಸರಿಯಿದ್ದು ಮಳೆ ಹಿಡಿದ ಮೇಲೆ ಇಳಿಯಿತು ಅಂದರೆ ನನಗೆ ಮೊದಲು ಅನುಮಾನ ಬರುವುದು ಈ ಪ್ಲಗ್ಗಿನ ಮೇಲೆಯೇ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಒಣಗಿಸಿ. ನಾನು ಹಾಗೆ ಮಾಡಿ ಪುನಃ ಕೂರಿಸಿದಾಗ ಅಂಕಿ ಕಣ್ಣೆದುರೇ ಒಂದೊಂದಾಗಿ ಮೇಲೆ ಹತ್ತಿತು.

ಆಮೇಲೆ ಕ್ಯಾಲಿಬ್ರೇಷನ್: ಬಫರ್ ಅನ್ನುವ, ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ ಪ್ರೋಬ್ ಅದ್ದಿ ಮೀಟರ್ ಸರಿಹೊಂದಿಸುವುದು. ಉಪ್ಪುನೀರಿಗೆ 7 ಮತ್ತು 10ರ ಬಫರ್ ತನ್ನಿ. 10ರದ್ದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಇಳಿಯುತ್ತದೆ. ಹೋದ ವರ್ಷ ತೆರೆದ ಬಾಟಲಿಯನ್ನು ನಂಬಬೇಡಿ. ಪ್ರೋಬ್ ತುದಿಯಲ್ಲಿ ಸುಣ್ಣದ ಪದರ ಕಂಡರೆ ಬಿಳಿ ವಿನೆಗರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ ತೊಳೆಯಿರಿ. ಗಾಜನ್ನು ಬಟ್ಟೆಯಿಂದ ಉಜ್ಜಬಾರದು. ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಡಲೂಬಾರದು. ನಿಮ್ಮ ಮೀಟರಿನಲ್ಲಿ ಮಿಲಿವೋಲ್ಟ್ ಕಾಣುತ್ತದಾ? ಹಾಗಾದರೆ ಎರಡು ಬಫರುಗಳ ನಡುವೆ ಸುಮಾರು 177ರ ವ್ಯತ್ಯಾಸ ಬರಬೇಕು. 150ಕ್ಕಿಂತ ಕಡಿಮೆ ಬಂದರೆ ಆ ಪ್ರೋಬ್ ಮುಗಿದ ಹಾಗೆ. ಎರಡು ವರ್ಷ ಆಯ್ತು ಅಂದಿದ್ದೀರಿ. ಪಿಎಚ್ ಪ್ರೋಬಿನ ಆಯಸ್ಸೇ ಸಾಮಾನ್ಯವಾಗಿ ಒಂದೆರಡು ವರ್ಷ.

ಇಷ್ಟೆಲ್ಲ ಮಾಡಿದ ಮೇಲೂ 7.8 ಬಂದರೆ? ಆಗ ಅದು ನಿಜವೇ ಇರಬಹುದು. ಆದರೂ ಪುಡಿ ಬೇಡ. ಈ ಮಳೆಗೆ ಕಿಟಕಿ ಬಾಗಿಲು ಮುಚ್ಚಿಕೊಂಡೇ ಇರುತ್ತೇವೆ ಅಲ್ವಾ? ಒಳಗೆ ಗ್ಯಾಸ್ ಒಲೆ ಉರಿಯುತ್ತದೆ, ಮನೆಮಂದಿ ಉಸಿರಾಡುತ್ತಾರೆ. ಆ ಕಾರ್ಬನ್ ಡೈಆಕ್ಸೈಡ್ ನೀರಿಗೆ ಇಳಿದು ಪಿಎಚ್ ತಗ್ಗಿಸುತ್ತದೆ. ಒಂದು ಲೋಟ ಟ್ಯಾಂಕ್ ನೀರು ತೆಗೆದು, ಜಗಲಿಯಲ್ಲಿಟ್ಟು, ಏರ್ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಡಿ. ಪಿಎಚ್ ಏರಿದರೆ ಕಾರಣ ಮನೆಯೊಳಗಿನ ಗಾಳಿ. ಹನಿ ಬಾರದ ಕಡೆಯ ಒಂದು ಕಿಟಕಿ ತೆರೆದಿಡಿ, ಸಾಕು. ಅಳೆಯುವುದು ದಿನಾ ಒಂದೇ ಹೊತ್ತಿಗೆ ಇರಲಿ. ಬೆಳಗಿನ ಜಾವ ಯಾವ ಟ್ಯಾಂಕಿನಲ್ಲೂ ಪಿಎಚ್ ಕಡಿಮೆಯೇ. ಎರಡು ಸಲ ಪುಡಿ ಬಿದ್ದಿರುವುದರಿಂದ ಕೆಎಚ್ (ನೀರಿನಲ್ಲಿರುವ ಕಾರ್ಬೊನೇಟ್ ಪ್ರಮಾಣ) ಟೆಸ್ಟ್ ಕಿಟ್‌ನಲ್ಲಿ ಒಮ್ಮೆ ನೋಡಿ. 7ರಿಂದ 11 ಡಿಕೆಎಚ್ (ಆ ಕಿಟ್‌ನ ಅಳತೆ) ಒಳಗಿದ್ದರೆ ಹೆದರಬೇಡಿ. ಜಾಸ್ತಿ ಇದ್ದರೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಿ, ಒಂದೇ ಸಲ ಬೇಡ.

ಉಪ್ಪಿನಂಶದ ಪ್ರೋಬ್ ಬಗ್ಗೆ ನೀವು ಕೇಳಿಲ್ಲ. ಆದರೆ ಅದು ಇದ್ದಕ್ಕಿದ್ದಂತೆ ಕಡಿಮೆ ತೋರಿಸಿದರೆ ಉಪ್ಪು ಸುರಿಯಬೇಡಿ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದು. ನೀರೊಳಗೇ ಅಲುಗಾಡಿಸಿ, ಗುಳ್ಳೆ ಹೋದ ಮೇಲೆ ಮತ್ತೆ ನೋಡಿ. ಈ ಪ್ರೋಬ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ: 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 53 ಮಿಲಿಸೀಮನ್ಸ್ ಅಂದರೆ 35 ಪಿಪಿಟಿ, ಅಂದರೆ ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು. ಮಲ್ಪೆಯ ಕಡಲಿನಿಂದಲೇ ನೀರು ತರುವವರಾದರೆ ಮಾತ್ರ ಕಡಿಮೆ ಅಂಕಿಯನ್ನು ತಳ್ಳಿಹಾಕಬೇಡಿ. ಹೊಳೆಯ ಕೆಂಪುನೀರು ಅಳಿವೆಯಲ್ಲಿ ಬೆರೆಯುವ ಕಾಲ ಇದು.

ನಾಳೆಯೇ ಆ ಪ್ಲಗ್ ಬಿಚ್ಚಿ ನೋಡಿ. ಒಳಗೆ ಏನು ಕಂಡಿತು, ಲೋಟದ ನೀರಿನಲ್ಲಿ ಎಷ್ಟು ಬಂತು ಅಂತ ಬರೆದು ತಿಳಿಸಿ.